ಮಗ್ಗುಲು ಬದಲಿಸುವ ಹೊತ್ತು

ಮೈಸೂರಿನಲ್ಲಿ ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ. ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ಇನ್ನೂ ಶನಿವಾರ, ರಾತ್ರಿ ಹನ್ನೊಂದೂವರೆ. ನಲವತ್ತು ವರ್ಷ ಡಾಕ್ಟರಾಗಿದ್ದು ನಿವೃತ್ತರಾದ ತಾತ, ಪುಸ್ತಕಗಳ ಗುಡ್ಡೆಗೆ ಫೋನು ಒರಗಿಸಿಕೊಂಡು ಕೂತಿದ್ದಾರೆ. ಮೊಮ್ಮಗಳು ಮೂರರಿಂದ ಹನ್ನೊಂದರ ಪಾಳಿ ಮುಗಿಸಿ ಈಗಷ್ಟೇ ಮನೆ ಸೇರಿದ್ದಾಳೆ. ಹನ್ನೊಂದನೇ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಅಲ್ಲಿಗೆ ಹೋದವಳು. ಅವಳ ಕನ್ನಡ ಉಳಿದಿರುವುದು ವಾರ ತಪ್ಪದ ಈ ಮಾತಿನಿಂದ.

ತಾತ: ಊಟ ಆಯ್ತೇನಮ್ಮ?

ಮೊಮ್ಮಗಳು: ಆಯ್ತು ತಾತ, ಮೊಸರನ್ನ. ಅಜ್ಜಿ ಹೇಗಿದ್ದಾರೆ?

ತಾತ: ಹಾಗೇ ಇದ್ದಾಳೆ. ಹೋಂ ನರ್ಸ್ ಯುಗಾದಿಗೆ ಅಂತ ಊರಿಗೆ ಹೋದಳು. ರಾಗಿ ಗಂಜಿ ಕುಡಿಸಿ, ಏಳೂವರೆಗೆ ಅಂಗಾತ ಮಲಗಿಸಿ, ಒಂಬತ್ತೂವರೆಗೆ ಬಲಮಗ್ಗುಲಿಗೆ ತಿರುಗಿಸಿ ಸಾರ್ ಅಂತ ಹೇಳಿ ಬಸ್ಸು ಹಿಡಿದಳು. ಬದಲಿ ಹುಡುಗಿ ಬರೋದು ಹನ್ನೊಂದಕ್ಕೆ.

ಮೊಮ್ಮಗಳು: ತಿರುಗಿಸೋಕೆ ಇನ್ನೂ ಅರ್ಧ ಗಂಟೆ ಇದೆ. ಅಲ್ಲಿವರೆಗೂ ನಾನು ಫೋನಿನಲ್ಲೇ ಇರ್ತೀನಿ.

ತಾತ: ಇರು. ನಿನ್ನ ಹತ್ತಿರ ಮಾತಾಡೋದೂ ಇದೆ. ನಿಮ್ಮಪ್ಪ ನಿನ್ನೆ ಫೋನ್ ಮಾಡಿದ್ದ. ಮೆಡಿಕಲ್ ಸೇರೋಕೆ ಎಂಕ್ಯಾಟ್ ಪರೀಕ್ಷೆ ಬರೆದಾಯ್ತು, ಅಂಕವೂ ಚೆನ್ನಾಗಿ ಬಂತು, ಆದರೂ ಇವಳು ಆ ನರ್ಸಿಂಗ್ ಹೋಮ್ ಕೆಲಸ ಬಿಡ್ತಿಲ್ಲ ಅಂತ ಅವನಿಗೆ ಕೊರಗು. ನನಗೂ ಪೂರ್ತಿ ಅರ್ಥ ಆಗಿಲ್ಲ. ನರ್ಸಿಂಗ್ ಹೋಮ್ ಅಂದಾಗ ನಾನು ನಮ್ಮ ಕಡೆ ಇರ್ತಾವಲ್ಲ, ಇಪ್ಪತ್ತು ಹಾಸಿಗೆಯ ಖಾಸಗಿ ಆಸ್ಪತ್ರೆ, ಅಂಥದ್ದು ಅಂದುಕೊಂಡಿದ್ದೆ.

ಮೊಮ್ಮಗಳು: ಇಲ್ಲಿ ಆ ಹೆಸರಿಗೆ ಅರ್ಥವೇ ಬೇರೆ ತಾತ. ಮನೆಯಲ್ಲಿ ನೋಡಿಕೊಳ್ಳೋಕೆ ಆಗದ ವಯಸ್ಸಾದವರು ಇರೋ ಜಾಗ. ಕೆಲವರು ಸೊಂಟದ ಮೂಳೆಯ ಆಪರೇಷನ್ ಆದಮೇಲೆ ಕೆಲವು ವಾರ ಇದ್ದು ಹೋಗ್ತಾರೆ. ನನ್ನ ಮಹಡಿಯಲ್ಲಿ ಇರೋ ಹೆಚ್ಚಿನವರಿಗೆ ಅದೇ ಕೊನೆಯ ಮನೆ. ಅದಕ್ಕೇ ಅವರನ್ನ ರೋಗಿ ಅನ್ನಲ್ಲ, ನಿವಾಸಿ ಅಂತೀವಿ. ಕೋಣೆಗೆ ಹೋಗೋ ಮೊದಲು ಬಾಗಿಲು ತಟ್ಟಬೇಕು.

ತಾತ: ನೀನು ಮಾಡೋದೇನು ಅಲ್ಲಿ? ನರ್ಸ್ ಅಲ್ಲವಲ್ಲ ನೀನು.

ಮೊಮ್ಮಗಳು: ನರ್ಸಿಂಗ್ ಅಸಿಸ್ಟೆಂಟ್. ಒಹಾಯೊದಲ್ಲಿ ಎಸ್‌ಟಿಎನ್‌ಎ ಅಂತಾರೆ, ಹೆಚ್ಚಿನ ರಾಜ್ಯಗಳಲ್ಲಿ ಸಿಎನ್‌ಎ. ಮಾತ್ರೆ ಕೊಡೋ ಹಾಗಿಲ್ಲ, ಇಂಜೆಕ್ಷನ್ ಮುಟ್ಟೋ ಹಾಗಿಲ್ಲ. ಏಳಿಸಿ ಕೂರಿಸೋದು, ಸ್ನಾನ ಮಾಡಿಸೋದು, ಬಟ್ಟೆ ಹಾಕೋದು, ತಿನ್ನಿಸೋದು, ಕಕ್ಕಸಿಗೆ ಕರಕೊಂಡು ಹೋಗೋದು, ಹೋಗಲಾರದವರ ಡೈಪರ್ ಬದಲಿಸೋದು, ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸೋದು. ಬಿಪಿ ನೋಡಿ ಬರೆಯೋದು, ಎಷ್ಟು ಕುಡಿದರು ಎಷ್ಟು ಹೋಯಿತು ಅಂತ ಲೆಕ್ಕ ಇಡೋದು.

ತಾತ: ನಮ್ಮಲ್ಲಿ ಇದಕ್ಕೆ ಆಯಾ ಕೆಲಸ ಅಂತಾರೆ.

ಮೊಮ್ಮಗಳು: ಹೌದು ತಾತ. ಅದೇ ಕೆಲಸ.

ತಾತ: ಕೀಳು ಅಂತ ಹೇಳ್ತಿಲ್ಲ ನಾನು. ಡಾಕ್ಟರ್ ಆಗಬೇಕಾದವಳಿಗೆ ಇದು ಯಾಕೆ ಅಂತ ಕೇಳ್ತಿದ್ದೀನಿ. ಕಾಲೇಜಿನವರು ಕೇಳ್ತಾರಾ ಇದನ್ನ?

ಮೊಮ್ಮಗಳು: ಜರ್ಮನಿಯಲ್ಲಾದರೆ ಕಡ್ಡಾಯ. ಅಲ್ಲಿ ವೈದ್ಯಕೀಯ ಓದೋರು 90 ದಿನ ಶುಶ್ರೂಷೆಯ ಕೆಲಸ ಮಾಡಿರಲೇಬೇಕು. ಅಮೆರಿಕದಲ್ಲಿ ಹಾಗೆ ನಿಯಮ ಇಲ್ಲ. ಆದರೆ ಇಲ್ಲಿ ಪಿಯುಸಿ ಮುಗಿಸಿ ನೇರ ಸೇರೋ ಹಾಗಿಲ್ಲವಲ್ಲ, ಮೊದಲು ನಾಲ್ಕು ವರ್ಷದ ಡಿಗ್ರಿ ಆಗಬೇಕು. ಅಷ್ಟು ವರ್ಷದಲ್ಲಿ ಕಾಯಿಲೆಯವರ ಹತ್ತಿರ ಒಮ್ಮೆಯೂ ಸುಳಿಯದವರನ್ನ ಕಾಲೇಜುಗಳು ಅನುಮಾನದಿಂದ ನೋಡ್ತವೆ. ಅರ್ಜಿಯಲ್ಲಿ ಹೆಚ್ಚೆಂದರೆ 15 ಅನುಭವ ತೋರಿಸಬಹುದು. ಒಂದೊಂದರ ಮುಂದೂ ಎಷ್ಟು ಗಂಟೆ ಅಂತ ಬರೀಬೇಕು. ಅದಕ್ಕೇ ನನ್ನ ಜೊತೆಯವರ ಬಾಯಲ್ಲಿ ಯಾವಾಗಲೂ ಗಂಟೆಯ ಮಾತು: ನಿನ್ನದು ಎಷ್ಟಾಯ್ತು, ನನ್ನದು ಎಷ್ಟಾಯ್ತು. ನಾನು ಸೇರಿದ್ದೂ ಅದಕ್ಕೇ ತಾತ. ನಿಮ್ಮ ಹತ್ತಿರ ಸುಳ್ಳು ಹೇಳಲ್ಲ.

ತಾತ: ಗಂಟೆಯೇ ಬೇಕಿದ್ದರೆ ಬೇರೆ ದಾರಿ ಇಲ್ಲವಾ? ಡಾಕ್ಟರ ಜೊತೆ ಓಡಾಡಿ ಅವರು ಹೇಳಿದ್ದನ್ನ ಬರೆದುಕೊಳ್ಳೋ ಕೆಲಸ ಇದೆಯಂತೆ, ಸ್ಕ್ರೈಬ್ ಅಂತ. ಅದರಲ್ಲಿ ಡಾಕ್ಟರು ಹೇಗೆ ಯೋಚಿಸ್ತಾರೆ ಅನ್ನೋದಾದರೂ ಗೊತ್ತಾಗುತ್ತೆ. ಮಲ ಒರೆಸಿದರೆ ರೋಗ ಗುರುತಿಸೋದು ಬರುತ್ತಾ? ನೇರವಾಗಿ ಕೇಳಿದೆ, ಬೇಜಾರು ಮಾಡ್ಕೋಬೇಡ.

ಮೊಮ್ಮಗಳು: ಬೇಜಾರಿಲ್ಲ. ಸ್ಕ್ರೈಬ್ ಕೆಲಸ ಒಂದು ಬೇಸಿಗೆ ಮಾಡಿದ್ದೀನಿ, ಎಮರ್ಜೆನ್ಸಿಯಲ್ಲಿ. ತುಂಬಾ ಕಲಿತೆ. ಎದೆನೋವು ಅಂತ ಬಂದವರಿಗೆ ಯಾವ ಪ್ರಶ್ನೆ ಮೊದಲು, ಯಾವ ಕಾಯಿಲೆ ಅಲ್ಲ ಅಂತ ಮೊದಲು ಖಾತ್ರಿ ಮಾಡ್ಕೋಬೇಕು, ಎಲ್ಲ. ಆದರೆ ಡಾಕ್ಟರು ಕೋಣೆಯಿಂದ ಹೊರಗೆ ಬಂದ ಕೂಡಲೇ ನಾನೂ ಬರ್ತಿದ್ದೆ. ಬಾಗಿಲು ಮುಚ್ಚಿಕೊಂಡ ಮೇಲೆ ಒಳಗೆ ಏನಾಗುತ್ತೆ ಅಂತ ಗೊತ್ತೇ ಆಗ್ತಿರಲಿಲ್ಲ. ಈಗ ನಾನು ಒಳಗೇ ಉಳಿಯೋಳು.

ತಾತ: ಏನಾಗುತ್ತೆ ಒಳಗೆ?

ಮೊಮ್ಮಗಳು: ಒಂದು ಹೇಳ್ತೀನಿ. ಎಂಬತ್ತಾರು ವರ್ಷದವರೊಬ್ಬರಿದ್ದಾರೆ. ಕಾರು ರಿಪೇರಿ ಮಾಡ್ತಿದ್ದವರು. ಸಂಜೆ ಊಟದಲ್ಲಿ ಬಟಾಣಿ ಕಂಡರೆ ತಟ್ಟೆಯ ಅಂಚಿಗೆ ತಳ್ಳಿ, ಐಸ್‌ಕ್ರೀಮ್ ಮೊದಲು ಮುಗಿಸ್ತಾರೆ, ಆಮೇಲೆ ಬೇರೆಯದು. ದಿನಾ ಹಾಗೇ. ಒಂದು ಮಂಗಳವಾರ ಚಮಚ ಕೈಯಲ್ಲಿ ಹಿಡಿದು ಅದನ್ನೇ ನೋಡ್ತಾ ಕೂತರು. ಐಸ್‌ಕ್ರೀಮ್ ಕರಗ್ತಾ ಇದೆ. ನಾನು ನೀರು ಕೊಟ್ಟರೆ ಥ್ಯಾಂಕ್ಸ್ ಅಂದರು. ಅವರು ಯಾವತ್ತೂ ಹಾಗನ್ನಲ್ಲ ತಾತ, ಬೈತಾರೆ. ಜ್ವರ ಇಲ್ಲ, ಬಿಪಿ ಸರಿ ಇದೆ. ಆದರೂ ನರ್ಸಿಗೆ ಹೋಗಿ ಹೇಳಿದೆ. ಅವರು ಡಾಕ್ಟರಿಗೆ ಫೋನ್ ಮಾಡಿ ಮೂತ್ರ, ರಕ್ತ ಪರೀಕ್ಷೆ ಮಾಡಿಸಿದರು. ಮೂತ್ರದಲ್ಲಿ ಶುರುವಾದ ಸೋಂಕು ರಕ್ತಕ್ಕೂ ಇಳಿದಿತ್ತು.

ತಾತ: ವಯಸ್ಸಾದವರಲ್ಲಿ ಹಾಗಾಗುತ್ತೆ. ಜ್ವರಕ್ಕೆ ಮೊದಲೇ ಬುದ್ಧಿ ಮಂಕಾಗುತ್ತೆ.

ಮೊಮ್ಮಗಳು: ಅದು ನಿಮಗೆ ಗೊತ್ತು. ನನಗೆ ಆವತ್ತು ಗೊತ್ತಿರಲಿಲ್ಲ. ನನಗೆ ಗೊತ್ತಾಗಿದ್ದು ಇವರು ನಿನ್ನೆಯ ಹಾಗಿಲ್ಲ ಅನ್ನೋದಷ್ಟೇ. ಅದು ಗೊತ್ತಾಗಬೇಕಾದರೆ ನಿನ್ನೆಯೂ ಅಲ್ಲಿ ಇದ್ದಿರಬೇಕು.

ತಾತ: ...

ಮೊಮ್ಮಗಳು: ತಾತ? ಫೋನ್ ಕಟ್ ಆಯ್ತಾ?

ತಾತ: ಇಲ್ಲಮ್ಮ, ಇದ್ದೀನಿ. ಏನೋ ನೆನಪಾಯಿತು. ಯಾರ ಹತ್ತಿರವೂ ಹೇಳಿಲ್ಲ ಇದನ್ನ, ನಿಮ್ಮಜ್ಜಿಗೂ ಹೇಳಿಲ್ಲ. ನಾನು ಹೌಸ್ ಸರ್ಜನ್ ಆಗಿದ್ದ ವರ್ಷ. ವಾರ್ಡಿನಲ್ಲಿ ಹನ್ನೆರಡು ವರ್ಷದ ಹುಡುಗ ಜ್ವರ ಅಂತ ಸೇರಿದ್ದ. ಟೈಫಾಯ್ಡ್ ಅಂತ ಕೇಸ್ ಶೀಟಿನಲ್ಲಿ ಬರೆದಾಗಿತ್ತು, ಔಷಧಿ ನಡೀತಿತ್ತು. ಬೆಳಿಗ್ಗೆ ರೌಂಡ್ಸ್ ಮುಗಿಸಿ ಹೊರಡ್ತಿದ್ದೆ, ನೆಲ ಒರೆಸ್ತಿದ್ದ ಆಯಾ ಎದ್ದು ನಿಂತಳು. ಬುದ್ಧಿ, ಆ ಕೂಸು ರಾತ್ರಿಯಿಂದ ಗೋಡೆ ಕಡೆಗೇ ಮುಖ ಮಾಡ್ಕಂಡದೆ, ಕಿಟಕಿ ಕಡೀಕೆ ತಿರುಗಿಸಿದ್ರೆ ಅಳ್ತದೆ ಅಂದಳು. ನಾನು, ಸರಿ ನಿನ್ನ ಕೆಲಸ ನೋಡು ಅಂದೆ.

ಮೊಮ್ಮಗಳು: ಬೆಳಕು ಆಗ್ತಿರಲಿಲ್ಲ ಅವನಿಗೆ.

ತಾತ: ಹೂಂ. ಮಿದುಳಿನ ಪೊರೆಗೆ ಸೋಂಕು. ಮೆನಿಂಜೈಟಿಸ್. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ: ತಲೆನೋವು, ಕತ್ತು ಬಿಗಿ, ಬೆಳಕು ಸಹಿಸದಿರುವುದು. ಆ ಹೆಂಗಸು ಅದೇ ಲಕ್ಷಣವನ್ನ ನನ್ನ ಎದುರು ತಂದಿಟ್ಟಳು. ಅದು ಪುಸ್ತಕದ ಭಾಷೆಯಲ್ಲಿ ಇರಲಿಲ್ಲ, ಅದಕ್ಕೆ ನನ್ನ ಕಿವಿಗೆ ಬೀಳಲಿಲ್ಲ. ರಾತ್ರಿ ಹುಡುಗನಿಗೆ ಫಿಟ್ಸ್ ಬಂತು. ಆಮೇಲೆ ಬೆನ್ನಿನ ನೀರು ತೆಗೆದು ನೋಡಿ, ಔಷಧಿ ಬದಲಿಸಿದೆವು. ಜೀವ ಉಳಿಯಿತು. ಎರಡೂ ಕಿವಿ ಹೋಯಿತು.

ಮೊಮ್ಮಗಳು: ಆ ಆಯಾ ಆಮೇಲೆ ಏನಾದರೂ ಅಂದರಾ?

ತಾತ: ಏನೂ ಅನ್ನಲಿಲ್ಲ. ಮಾರನೇ ದಿನವೂ ನೆಲ ಒರೆಸ್ತಿದ್ದಳು. ನಾನು ಬಂದಾಗ ಸರಿದು ದಾರಿ ಬಿಟ್ಟಳು. ಅವಳ ಹೆಸರು ನಾನು ಕೇಳಿಯೇ ಇಲ್ಲ. ಒಂದು ವರ್ಷ ಅದೇ ವಾರ್ಡಿನಲ್ಲಿದ್ದೆ.

ಮೊಮ್ಮಗಳು: ನಿಮಗೆ ಆಗ ಇಪ್ಪತ್ಮೂರು ಇಪ್ಪತ್ನಾಲ್ಕು ವಯಸ್ಸು. ಈಗ ನನಗಿರೋಷ್ಟೇ.

ತಾತ: ವಯಸ್ಸಿನ ಮಾತಲ್ಲ. ನಾನು ಪಿಯುಸಿ ಮುಗಿಸಿ 1968ರಲ್ಲಿ ಮೆಡಿಕಲ್ ಸೇರಿದವನು. ಡಾಕ್ಟರ್ ಆಗೋನು ಅಂತ ನಾನು ಮೊದಲು ಮುಟ್ಟಿದ ದೇಹ ಫಾರ್ಮಲಿನ್ ವಾಸನೆಯ ಹೆಣ. ಅದಕ್ಕೆ ನೋವಿಲ್ಲ, ನಾಚಿಕೆ ಇಲ್ಲ, ಕೇಳೋದಿಲ್ಲ, ಹೇಳೋದಿಲ್ಲ. ಒಂದೂವರೆ ವರ್ಷ ಅದರ ಜೊತೆಗಿದ್ದು ಆಮೇಲೆ ವಾರ್ಡಿಗೆ ಬಂದೆವು. ಈಗ ಸ್ವಲ್ಪ ಬದಲಾಗಿದೆ. 2019ರ ಹೊಸ ಪಠ್ಯಕ್ರಮದಲ್ಲಿ ಶುರುವಿಗೇ ಒಂದು ಫೌಂಡೇಶನ್ ಕೋರ್ಸ್ ಇಟ್ಟರು, ಮೊದಲ ವರ್ಷದಲ್ಲೇ ರೋಗಿಗಳನ್ನ ತೋರಿಸ್ತಾರೆ. ಆದರೆ ತೋರಿಸೋದು ಬೇರೆ.

ಮೊಮ್ಮಗಳು: ನಮ್ಮ ತರಬೇತಿಯಲ್ಲಿ ನನಗೆ ಬಹಳ ಹಿಡಿಸಿದ್ದು ಅದೇ ತಾತ. ಇಲ್ಲಿ 1987ರಲ್ಲಿ ಒಂದು ಕಾಯಿದೆ ಬಂತು. ಅದಕ್ಕೆ ಮೊದಲು ನರ್ಸಿಂಗ್ ಹೋಮ್‌ಗಳ ಪರಿಸ್ಥಿತಿ ಬಹಳ ಕೆಟ್ಟಿತ್ತು. ಮುದುಕರನ್ನ ಕುರ್ಚಿಗೆ ಕಟ್ಟಿ ಹಾಕೋದು ಮಾಮೂಲಾಗಿತ್ತು. ಆ ಕಾಯಿದೆ, ಕಟ್ಟಿ ಹಾಕದೆ ಬದುಕೋದು ಅವರ ಹಕ್ಕು ಅಂತ ಹೇಳಿತು. ಸಹಾಯಕರಿಗೆ ಕನಿಷ್ಠ 75 ಗಂಟೆ ತರಬೇತಿ, ಪರೀಕ್ಷೆ, ಎರಡನ್ನೂ ಕಡ್ಡಾಯ ಮಾಡಿತು. ಕೆಲವು ರಾಜ್ಯಗಳಲ್ಲಿ ಇನ್ನೂ ಹೆಚ್ಚು, ಕ್ಯಾಲಿಫೋರ್ನಿಯಾದಲ್ಲಿ 160. ಆ ಕಾಯಿದೆಯ ನಿಯಮದಲ್ಲಿ ಒಂದು ಮಾತಿದೆ: ಯಾವ ನಿವಾಸಿಯ ಹತ್ತಿರ ಹೋಗೋಕೂ ಮೊದಲು 16 ಗಂಟೆ ಪಾಠ ಆಗಿರಲೇಬೇಕು. ಏನು ಪಾಠ ಗೊತ್ತಾ? ಅವರ ಜೊತೆ ಮಾತಾಡೋದು ಹೇಗೆ, ಸೋಂಕು ಹರಡದ ಹಾಗೆ ಇರೋದು ಹೇಗೆ, ಅವರು ತಾವೇ ಮಾಡಬಲ್ಲದ್ದನ್ನ ಅವರಿಗೇ ಬಿಡೋದು ಹೇಗೆ, ಅವರ ಹಕ್ಕುಗಳೇನು. ಮುಟ್ಟೋದು ಆಮೇಲೆ.

ತಾತ: ಒಳ್ಳೆಯ ಕಾಯಿದೆ.

ಮೊಮ್ಮಗಳು: ಸ್ನಾನಕ್ಕೂ ಕ್ರಮ ಇದೆ. ಮೊದಲು ಕಣ್ಣು, ಬರೀ ನೀರು, ಮೂಗಿನ ಕಡೆಯಿಂದ ಹೊರಗೆ. ಎರಡನೇ ಕಣ್ಣಿಗೆ ಬಟ್ಟೆಯ ಬೇರೆ ಭಾಗ. ಒಂದು ಕೈ ತೊಳೆಯುವಾಗ ಉಳಿದ ಮೈ ಎಲ್ಲಾ ಮುಚ್ಚಿರಬೇಕು. ಲಕ್ವ ಹೊಡೆದವರಿಗೆ ಅಂಗಿ ಹಾಕುವಾಗ ಬಲ ಇಲ್ಲದ ಕೈ ಮೊದಲು, ಬಿಚ್ಚುವಾಗ ಬಲ ಇರೋ ಕೈ ಮೊದಲು. ಇದನ್ನೆಲ್ಲ ಮೊದಲು ನಾನು ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದೆ. ಒಂದು ತಿಂಗಳಾದ ಮೇಲೆ ಅರ್ಥ ಆಯ್ತು, ಇದರಲ್ಲಿ ಪ್ರತಿ ಸಾಲಿನ ಹಿಂದೆಯೂ ಯಾರೋ ನೊಂದವರಿದ್ದಾರೆ. ಯಾರಿಗೋ ಚಳಿಯಾಗಿತ್ತು, ಯಾರಿಗೋ ಭುಜ ಜಾರಿತ್ತು.

ತಾತ: ಹೇಸಿಗೆ ಆಗಲಿಲ್ಲವಾ ನಿನಗೆ? ಮೊದಲ ದಿನ?

ಮೊಮ್ಮಗಳು: ಆಯ್ತು. ಆದರೆ ಅದು ಬೇಗ ಹೋಗುತ್ತೆ. ಹತ್ತು ದಿನಕ್ಕೆ ಹೋಯ್ತು. ಹೋಗದೇ ಇರೋದು ಅವರ ನಾಚಿಕೆ. ಸ್ಕೂಲಿನಲ್ಲಿ ಹೆಡ್‌ಮಿಸ್ ಆಗಿದ್ದವರೊಬ್ಬರು, ನಾನು ಬಟ್ಟೆ ಬದಲಿಸುವಾಗೆಲ್ಲ ಸಾರಿ ಸಾರಿ ಅಂತ ಹೇಳ್ತಾನೇ ಇರ್ತಾರೆ. ಅವರ ಕಣ್ಣು ನೋಡಬೇಕೋ ಬೇಡವೋ ಅಂತ ನನಗೆ ಇವತ್ತಿಗೂ ತಿಳಿಯಲ್ಲ.

ತಾತ: ನಮ್ಮ ದೇಶದಲ್ಲಿ ಆ ಕೆಲಸ ಯಾರ ಪಾಲಿಗೆ ಬಂತು ಅಂತ ನಿನಗೆ ಗೊತ್ತಿದೆ. ಬುದ್ಧಿ ಅಂತ ಕರೀತಿದ್ದಳು ಅಂದೆನಲ್ಲ, ಅದರಲ್ಲೇ ಎಲ್ಲಾ ಇದೆ. ಮುಟ್ಟೋ ಕೆಲಸ ಅವರದು, ಬರೆಯೋ ಕೆಲಸ ನಮ್ಮದು. ನಾನು ಜಾತಿ ನೋಡೋನಲ್ಲ ಅಂದುಕೊಂಡೇ ಬಂದೆ ಜೀವನಪೂರ್ತಿ. ಯಾರ ನಾಡಿ ಬೇಕಾದರೂ ಹಿಡಿದಿದ್ದೀನಿ. ಆದರೆ ಆವತ್ತು ಸಿಸ್ಟರ್ ಬಂದು ಅದೇ ಮಾತು ಹೇಳಿದ್ದರೆ ತಿರುಗಿ ನೋಡ್ತಿದ್ದೆ.

ಮೊಮ್ಮಗಳು: ಇಲ್ಲೂ ಯಾರು ಮಾಡ್ತಾರೆ ಅನ್ನೋದು ಕಾಣುತ್ತೆ. ನನ್ನ ಮಹಡಿಯಲ್ಲಿ ನಾವು ಆರು ಜನ. ಘಾನಾದವರು ಇಬ್ಬರು, ಸೊಮಾಲಿಯಾದವರು ಒಬ್ಬರು, ನೇಪಾಳಿ ಮಾತಾಡೋ ಭೂತಾನದವರು ಒಬ್ಬರು, ಇಲ್ಲಿನ ಕಪ್ಪು ಹೆಂಗಸು ಒಬ್ಬರು, ನಾನು. ಎಲ್ಲಾ ಹೆಂಗಸರೇ. ಗಂಟೆಗೆ 18 ಡಾಲರ್. ಬೆನ್ನು ಹಿಡಿಯದೇ ಇರೋರು ಯಾರೂ ಇಲ್ಲ. ಮೈಕೈ ನೋವಿಗೆ, ಬೆನ್ನಿನ ಪೆಟ್ಟಿಗೆ ಈ ದೇಶದಲ್ಲಿ ಅತಿ ಹೆಚ್ಚು ಸಿಗೋ ಕೆಲಸಗಳಲ್ಲಿ ನಮ್ಮದೂ ಒಂದು.

ತಾತ: ಒಬ್ಬೊಬ್ಬರಿಗೆ ಎಷ್ಟು ಜನ?

ಮೊಮ್ಮಗಳು: ಸಂಜೆ ಪಾಳಿಗೆ ಹತ್ತು. ಯಾರಾದರೂ ಬರದಿದ್ದರೆ ಹದಿಮೂರು. ಲೆಕ್ಕ ಹಾಕಿ ನೋಡಿ ತಾತ. ಎಂಟು ಗಂಟೆ ಅಂದರೆ 480 ನಿಮಿಷ. ಹತ್ತು ಜನಕ್ಕೆ ತಲಾ 48. ಅದರಲ್ಲೇ ಊಟ ತಿನ್ನಿಸಬೇಕು, ಎರಡು ಸಲ ಶುಚಿ ಮಾಡಬೇಕು, ಮೂರು ಸಲ ತಿರುಗಿಸಬೇಕು, ಮಲಗಿಸಬೇಕು, ಬರೆಯಬೇಕು, ನಾನೂ ತಿನ್ನಬೇಕು. ಒಬ್ಬರಿಗೆ ಸರಿಯಾಗಿ ಊಟ ಮಾಡಿಸೋಕೇ ಅರ್ಧ ಗಂಟೆ ಬೇಕು. ಒಬ್ಬೊಬ್ಬ ನಿವಾಸಿಗೆ ದಿನಕ್ಕೆ ಕನಿಷ್ಠ 2.45 ಗಂಟೆಯಷ್ಟು ಸಹಾಯಕರ ಕೆಲಸ ಸಿಗಲೇಬೇಕು ಅಂತ 2024ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತ್ತು. 2025ರಲ್ಲಿ ಟೆಕ್ಸಾಸ್‌ನ ಕೋರ್ಟು ಅದನ್ನ ರದ್ದು ಮಾಡಿತು. ಜನ ಸಿಗಲ್ಲ, ದುಡ್ಡಿಲ್ಲ ಅಂತ ನಡೆಸೋರ ವಾದ. ಅದರಲ್ಲಿ ನಿಜವೂ ಇರಬಹುದು. ಆದರೆ ಆ ನಿಮಿಷಗಳು ಎಲ್ಲಿಂದ ಕಡಿಮೆ ಆಗ್ತವೆ ಅಂತ ನಾನು ನೋಡಿದ್ದೀನಿ.

ತಾತ: ಎಲ್ಲಿಂದ?

ಮೊಮ್ಮಗಳು: ನನ್ನ ಕೈಯಿಂದಲೇ. ನವೆಂಬರಿನಲ್ಲಿ ಒಬ್ಬರಿಗೆ ಊಟ ಮಾಡಿಸ್ತಿದ್ದೆ. ನುಂಗೋಕೆ ಕಷ್ಟ ಇರೋರು, ಅವರ ನೀರಿಗೂ ಗಟ್ಟಿ ಮಾಡೋ ಪುಡಿ ಹಾಕಬೇಕು. ಒಂದು ತುತ್ತು ನುಂಗಿದ್ದು ಗಂಟಲು ನೋಡಿ ಖಾತ್ರಿ ಮಾಡ್ಕೊಂಡು ಇನ್ನೊಂದು ಕೊಡಬೇಕು. ಹೊರಗೆ ಮೂರು ಕೋಣೆಯ ಕರೆಗಂಟೆ ಹೊಡ್ಕೊಳ್ತಿತ್ತು. ನಾನು ಒಂದರ ಹಿಂದೆ ಒಂದು ಕೊಟ್ಟೆ. ಕೆಮ್ಮು ಶುರುವಾಯ್ತು, ಮುಖ ಕಪ್ಪಿಟ್ಟಿತು. ನರ್ಸ್ ಓಡಿ ಬಂದರು. ಹೊರಗೆ ಬಂತು, ಉಸಿರು ಮರಳಿತು, ಎರಡು ದಿನ ಎದೆ ಪರೀಕ್ಷಿಸ್ತಾ ಇದ್ದರು, ತೊಂದರೆ ಏನೂ ಕೇಳಿಸಲಿಲ್ಲ. ಆದರೆ ಆಮೇಲೆ ಒಂದು ವಾರ ನನ್ನ ಕೈಯಿಂದ ಬಾಯಿ ತೆರೀಲಿಲ್ಲ ಅವರು. ಹೆಸರು ಮರೆತಿರೋರು, ಮಗಳನ್ನೇ ಗುರುತು ಹಿಡಿಯಲ್ಲ. ನನ್ನ ಕೈ ಮಾತ್ರ ನೆನಪಿತ್ತು.

ತಾತ: ಇದನ್ನ ಅರ್ಜಿಯಲ್ಲಿ ಬರೀತೀಯಾ?

ಮೊಮ್ಮಗಳು: ಅದೇ ನನಗೆ ನಿದ್ದೆ ಕೆಡಿಸಿರೋದು ತಾತ. 5300 ಅಕ್ಷರದ ಒಂದು ಪ್ರಬಂಧ ಬರೀಬೇಕು, ನಾನು ಯಾಕೆ ಡಾಕ್ಟರ್ ಆಗಬೇಕು ಅಂತ. ಮೊದಲ ಸಲ ಬರೆದಾಗ ಜನವರಿಯಲ್ಲಿ ತೀರಿಕೊಂಡ ಅಜ್ಜಿಯೊಬ್ಬರ ಬಗ್ಗೆ ಬರೆದೆ. ತೊಂಬತ್ಮೂರು ವರ್ಷ, ಜೋಳದ ಹೊಲ ಇದ್ದ ರೈತರ ಮನೆಯವರು. ಬರೆದು ಓದಿದರೆ ಅದರಲ್ಲಿ ನಾನು ಅವರ ಕೈ ಹಿಡಿದುಕೊಂಡಿದ್ದೆ, ನಾನು ಕಣ್ಣೀರು ಒರೆಸಿಕೊಂಡೆ, ನನಗೆ ಜೀವನದ ದಾರಿ ಕಂಡಿತು. ಎಲ್ಲಾ ನಾನು. ಅವರು ಸತ್ತಿದ್ದು ನನ್ನ ಅರ್ಜಿಗೋಸ್ಕರ ಅನ್ನೋ ಹಾಗಿತ್ತು.

ತಾತ: ನಿಜವಾಗಿ ಏನಾಯಿತು?

ಮೊಮ್ಮಗಳು: ನಾನು ಹೋಗೋ ಹೊತ್ತಿಗೆ ಉಸಿರು ನಿಂತಿತ್ತು. ನರ್ಸ್ ನೋಡಿ ಖಾತ್ರಿ ಮಾಡಿದರು. ಮಗ ಎರಡು ಗಂಟೆ ದೂರದಿಂದ ಬರ್ತಿದ್ದ, ಅವನು ಬರೋದರೊಳಗೆ ಮೈ ಒರೆಸಿ, ಬಟ್ಟೆ ಹಾಕಿ, ಮಲಗಿಸಬೇಕು. ಘಾನಾದ ಅಕ್ಕ ನನ್ನನ್ನ ಜೊತೆಗೆ ಕರೆದರು. ಹದಿನಾಲ್ಕು ವರ್ಷದಿಂದ ಇದೇ ಕೆಲಸದಲ್ಲಿ ಇರೋರು. ಬಾಗಿಲು ತಟ್ಟಿ ಒಳಗೆ ಹೋದರು ತಾತ. ಸತ್ತವರ ಕೋಣೆಗೆ. ಬೋಗುಣಿಯ ನೀರಿಗೆ ಮೊಣಕೈ ಇಟ್ಟು ಬಿಸಿ ನೋಡಿದರು. ಆಮೇಲೆ, ಅಮ್ಮ, ಈಗ ಮುಖ ಒರೆಸ್ತೀವಿ. ಅಮ್ಮ, ಈಗ ನಿಮ್ಮನ್ನ ಕಿಟಕಿ ಕಡೆಗೆ ತಿರುಗಿಸ್ತೀವಿ. ಅಮ್ಮ, ಇದು ನಿಮ್ಮ ನೀಲಿ ಸ್ವೆಟರ್. ಪ್ರತಿಯೊಂದಕ್ಕೂ ಹೇಳಿದರು. ನಾನು ಒಮ್ಮೆ ಏನೂ ಹೇಳದೆ ಕಾಲು ಎತ್ತಿದೆ. ಅವರು ಕೈ ನಿಲ್ಲಿಸಿ ನನ್ನನ್ನೇ ನೋಡಿದರು. ನಾನು ಕಾಲು ಕೆಳಗಿಟ್ಟು, ಅಮ್ಮ ಈಗ ಸಾಕ್ಸ್ ಹಾಕ್ತೀನಿ ಅಂತ ಹೇಳಿ, ಮತ್ತೆ ಎತ್ತಿದೆ.

ತಾತ: ಇದನ್ನ ಬರಿ.

ಮೊಮ್ಮಗಳು: ಇದು ಆ ಅಕ್ಕನ ಕಥೆಯಲ್ಲವಾ ತಾತ? ತೀರಿಕೊಂಡವರ ಹೆಸರು ಮರೆಮಾಡಬಹುದು, ಅದಕ್ಕೆ ಕಾನೂನೇ ಇದೆ. ಆದರೆ ಅವರು ಹದಿನಾಲ್ಕು ವರ್ಷದಲ್ಲಿ ಕಲಿತದ್ದನ್ನ ನಾನು ಒಂದು ವರ್ಷ ಇದ್ದು ತೆಗೆದುಕೊಂಡು ಹೋಗ್ತೀನಿ. ಬಿಳಿ ಕೋಟು ನನಗೆ. ಅವರಿಗೆ ಮಾರನೇ ದಿನವೂ ಅದೇ ಪಾಳಿ. ಮೊನ್ನೆ ಕೇಳಿದರು, ಮುಂದಿನ ವರ್ಷ ಹೊರಟುಹೋಗ್ತೀಯಂತಲ್ಲ ಅಂತ. ಹೌದು ಅಂದೆ. ಒಳ್ಳೇದಾಗಲಿ ಅಂದರು. ಮನಸಾರೆ ಹೇಳಿದರು. ನನಗೆ ತಲೆ ಎತ್ತೋಕಾಗಲಿಲ್ಲ.

ತಾತ: ಅವರನ್ನೇ ಕೇಳು. ನಿಮ್ಮ ಬಗ್ಗೆ ಬರೀಲಾ ಅಂತ. ಬೇಡ ಅಂದರೆ ಬಿಡು. ಬರಿ ಅಂದರೆ, ನೀನು ಹೇಳದೆ ಕಾಲು ಎತ್ತಿದ್ದನ್ನ ಬಿಡಬೇಡ. ನವೆಂಬರಿನ ಊಟವನ್ನೂ ಬಿಡಬೇಡ. ಕಾಲೇಜಿನವರು ಅದನ್ನ ಓದಿ ನಿನ್ನನ್ನ ಬೇಡ ಅಂದರೆ ಅನ್ನಲಿ.

ಮೊಮ್ಮಗಳು: ಅಪ್ಪನಿಗೆ ಏನು ಹೇಳ್ತೀರಿ?

ತಾತ: ಇನ್ನೂ ಸ್ವಲ್ಪ ದಿನ ಮಾಡಲಿ ಬಿಡು ಅಂತ ಹೇಳ್ತೀನಿ. ಒಂದು ಮಾತು ನಿನಗೂ ಇದೆ. ಈ ಕೆಲಸ ಮಾಡಿದ್ದಕ್ಕೇ ನೀನು ಒಳ್ಳೆಯ ಡಾಕ್ಟರ್ ಆಗಿಬಿಡ್ತೀಯ ಅಂತ ನಾನು ಒಪ್ಪಲ್ಲ. ಓದಬೇಕು, ಕಷ್ಟಪಟ್ಟು ಓದಬೇಕು. ಮೆನಿಂಜೈಟಿಸ್ ಗೊತ್ತಿಲ್ಲದವರಿಗೆ ಗೋಡೆ ಕಡೆ ತಿರುಗಿದ ಹುಡುಗ ಬರೀ ಹಟಮಾರಿ ಹುಡುಗ. ಆಯಾಗೆ ಕಂಡಿತ್ತು, ಔಷಧಿ ಗೊತ್ತಿರಲಿಲ್ಲ. ನನಗೆ ಔಷಧಿ ಗೊತ್ತಿತ್ತು. ನಾವಿಬ್ಬರೂ ಒಂದೇ ಕೋಣೆಯಲ್ಲಿ, ನಾಲ್ಕು ಮಾರು ದೂರದಲ್ಲಿ ನಿಂತಿದ್ದೆವು.

ಮೊಮ್ಮಗಳು: ತಾತ, ಗಂಟೆ ನೋಡಿ.

ತಾತ: ಒಂಬತ್ತೂ ಇಪ್ಪತ್ತೊಂಬತ್ತು. ಬಾ, ಫೋನು ಅವಳ ಕೋಣೆಗೆ ತಗೊಂಡು ಹೋಗ್ತೀನಿ. ಕಿಟಕಿ ಮೇಲೆ ಇಡ್ತೀನಿ, ಕಾಣುತ್ತಾ? ನೋಡು, ಹಾಸಿಗೆ ಹುಣ್ಣಿನ ನಾಲ್ಕು ಹಂತವೂ ನನಗೆ ಗೊತ್ತು. ಮೂರನೇದರಲ್ಲಿ ಕೊಬ್ಬು ಕಾಣುತ್ತೆ, ನಾಲ್ಕನೇದರಲ್ಲಿ ಮೂಳೆ. ಎಷ್ಟೋ ಜನರದ್ದು ಕೊಯ್ದು ಶುಚಿ ಮಾಡಿ ಕಟ್ಟು ಹಾಕಿದ್ದೀನಿ. ಒಬ್ಬರನ್ನೂ ನಾನಾಗಿ ತಿರುಗಿಸಿ ಮಲಗಿಸಿಲ್ಲ. ಎಲ್ಲಿ ಹಿಡೀಬೇಕು ಹೇಳು.

ಮೊಮ್ಮಗಳು: ಮೊದಲು ಮಂಚದ ಹಿಡಿ ತಿರುಗಿಸಿ ನಿಮ್ಮ ಸೊಂಟದ ಎತ್ತರಕ್ಕೆ ತನ್ನಿ. ಬಗ್ಗಬೇಡಿ. ಈಗ ಅಜ್ಜಿಯ ಎಡಗಡೆಗೆ ಹೋಗಿ. ಕೆಳಗೆ ಅಡ್ಡ ಹಾಸಿರೋ ಬಟ್ಟೆ ಹಿಡಿದು ನಿಮ್ಮ ಕಡೆ ಒಂದು ಗೇಣು ಜರುಗಿಸಿ, ಇಲ್ಲದಿದ್ದರೆ ತಿರುಗಿದಾಗ ಅಂಚಿಗೆ ಬಂದುಬಿಡ್ತಾರೆ. ಆ ಕಡೆಯ ಕಂಬಿ ಏರಿಸಿ. ಆಯ್ತಾ? ಈಗ ಬಲಗಡೆಗೆ ಬನ್ನಿ. ಯಾವ ಕಡೆಗೆ ತಿರುಗಿಸ್ತೀವೋ ಆ ಕಡೆ ನಾವು ನಿಂತಿದ್ದರೆ ಅವರಿಗೆ ಬೀಳೋ ಭಯ ಇರಲ್ಲ.

ತಾತ: ಬಂದೆ. ಈಗ ಇವಳ ಎಡಗೈ ಎದೆ ಮೇಲೆ ಇಡಬೇಕು, ಅಲ್ವಾ? ಎಡ ಮಂಡಿ ಮಡಿಸಬೇಕು. ಆಮೇಲೆ ಇವಳನ್ನ...

ಮೊಮ್ಮಗಳು: ನನಗೆ ಹೇಳಬೇಡಿ ತಾತ. ಅಜ್ಜಿಗೆ ಹೇಳಿ.

ತಾತ: ...

ಮೊಮ್ಮಗಳು: ಅವರಿಗೆ ಕೇಳಿಸುತ್ತೆ.

ತಾತ: ನೋಡು, ನಾನು ನಿನ್ನನ್ನ ಈಗ ಈ ಕಡೆಗೆ ತಿರುಗಿಸ್ತೀನಿ. ನಿನ್ನ ಎಡಗೈ ಎತ್ತಿ ಎದೆ ಮೇಲೆ ಇಡ್ತೀನಿ. ನೋವಾದರೆ ಹೇಳು. ಕಾಲು ಮಡಿಸ್ತೀನಿ.

ಮೊಮ್ಮಗಳು: ಕೈ ಎಳೀಬೇಡಿ, ಕೆಳಗಿನಿಂದ ಆಧಾರ ಕೊಟ್ಟು ಎತ್ತಿ. ಹಾಗೆ. ಒಂದು ಕೈ ಭುಜದ ಹಿಂದೆ, ಇನ್ನೊಂದು ಸೊಂಟದ ಮೇಲೆ. ಮೂರು ಎಣಿಸಿ, ಜೋರಾಗಿ, ಅಜ್ಜಿಗೂ ಕೇಳಲಿ.

ತಾತ: ಒಂದು, ಎರಡು, ಮೂರು. ಬಂದಳು. ಹಗುರ ಆಗಿಬಿಟ್ಟಿದ್ದಾಳೆ.

ಮೊಮ್ಮಗಳು: ಬೆನ್ನ ಹಿಂದೆ ದಿಂಬು ಕೊಡಿ. ಪೂರ್ತಿ ಮಗ್ಗುಲು ಬೇಡ, ಅರೆವಾರೆ ಒರಗಿರಲಿ, ಇಲ್ಲದಿದ್ದರೆ ತೊಡೆ ಮೂಳೆಯ ಮೇಲೆ ಭಾರ ಬೀಳುತ್ತೆ. ಮಂಡಿಗಳ ನಡುವೆ ಒಂದು. ಹಿಮ್ಮಡಿ ಹಾಸಿಗೆಗೆ ತಾಕದ ಹಾಗೆ ಕಾಲ ಕೆಳಗೆ ಒಂದು. ಎಡಗೈಗೂ ಒಂದು ಚಿಕ್ಕದು. ಈಗ ಸೊಂಟದ ಕೆಳಗೆ, ಬೆನ್ನುಮೂಳೆ ಮುಗಿಯೋ ಕಡೆ ಚರ್ಮ ನೋಡಿ. ನಮ್ಮ ಬಣ್ಣದವರಲ್ಲಿ ಕೆಂಪು ಸರಿಯಾಗಿ ಕಾಣಲ್ಲ ತಾತ, ಮುಟ್ಟಿ ನೋಡಬೇಕು. ಸುತ್ತಲಿನ ಜಾಗಕ್ಕಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ ಅಂತ.

ತಾತ: ಮುಟ್ಟಿದೆ. ಇರು, ಏನೋ ಅಂತಿದ್ದಾಳೆ. ಏನಮ್ಮ? ಇನ್ನೊಮ್ಮೆ ಹೇಳು. ತಣ್ಣಗಿದೆ ಅಂತಾಳೆ. ನನ್ನ ಕೈ ತಣ್ಣಗಿದೆಯಂತೆ.

ಮೊಮ್ಮಗಳು: ಎರಡೂ ಅಂಗೈ ಚೆನ್ನಾಗಿ ಉಜ್ಜಿಕೊಳ್ಳಿ ತಾತ. ಬೆಚ್ಚಗಾಗಲಿ. ಆಮೇಲೆ ಹೇಳಿ ಮುಟ್ಟಿ.